ಯಾರ ಕಣ್ಣಿಂದ ಏನನ್ನು ಮುಚ್ಚಿಡಬೇಕು: ನೆಟ್‌ವರ್ಕ್‌ನಲ್ಲಿ ಖಾಸಗಿತನ ಕಾಪಾಡಿಕೊಳ್ಳುವ ಬಗೆ

ಇನ್‌ಕಾಗ್ನಿಟೊ ಟ್ಯಾಬ್ ತೆರೆದ ತಕ್ಷಣ ತಾವು ಯಾರಿಗೂ ಕಾಣುವುದಿಲ್ಲ ಅಂದುಕೊಂಡವರು ಬಹಳ ಜನ. ಅದು ಮಾಡೋದು ಇಷ್ಟೇ: ಟ್ಯಾಬ್ ಮುಚ್ಚಿದ ಮೇಲೆ ಆ ಫೋನಿನಲ್ಲಿ ಹಿಸ್ಟರಿ, ಕುಕೀ (ನಿಮ್ಮನ್ನು ಗುರುತಿಸಲು ಸೈಟು ಇಟ್ಟುಹೋಗುವ ಚಿಕ್ಕ ಕಡತ) ಉಳಿಯುವುದಿಲ್ಲ. ಫೋನನ್ನು ಕೈಗೆ ತೆಗೆದುಕೊಂಡು ನೋಡುವವರಿಂದ ಮಾತ್ರ ಮರೆ. ವೈ-ಫೈ ಯಾರದೋ ಅವರಿಗೆ, ಇಂಟರ್ನೆಟ್ ಕೊಡುವ ಕಂಪನಿಗೆ ಏನೇನೂ ವ್ಯತ್ಯಾಸ ಆಗುವುದಿಲ್ಲ.

ವಿಪಿಎನ್ ಹಾಕಿಕೊಂಡವರು, ಟಾರ್ ಹಾಕಿಕೊಂಡವರು (ಇವೆರಡೂ ಏನು ಅಂತ ಮುಂದೆ ಹೇಳುತ್ತೇನೆ), ಮೆಸೇಜ್ ಆ್ಯಪ್ ಬದಲಾಯಿಸಿದವರು ಎಲ್ಲರೂ ಇದೇ ಕಡೆ ಎಡವುತ್ತಾರೆ. ಪ್ರತಿ ಸಾಧನವೂ ಒಬ್ಬರಿಂದ ಮುಚ್ಚಿಡುತ್ತದೆ, ಇನ್ನೊಬ್ಬರಿಗೆ ತೋರಿಸುತ್ತದೆ. ಹಾಗಾಗಿ ಏನನ್ನೇ ಇನ್‌ಸ್ಟಾಲ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಯಾರಿಗೆ ಕಾಣುವುದು ನಿಲ್ಲುತ್ತದೆ, ಹೊಸದಾಗಿ ಯಾರಿಗೆ ಕಾಣಲು ಶುರುವಾಗುತ್ತದೆ?

ಮೊದಲು, ಏನೇನು ಕಾಣುತ್ತದೆ

ರಾತ್ರಿ ಹೊತ್ತು ಒಂದು ಕಾಯಿಲೆಯ ಬಗ್ಗೆ ಓದಲು ಯಾವುದೋ ಸೈಟ್ ತೆರೆಯುತ್ತೀರಿ ಅಂತ ಇಟ್ಟುಕೊಳ್ಳಿ. ಪೇಜ್ ಬರುವ ಮೊದಲೇ ನಿಮ್ಮ ಫೋನ್ ಡಿಎನ್ಎಸ್ ಸರ್ವರ್‌ಗೆ ಒಂದು ಪ್ರಶ್ನೆ ಕಳಿಸುತ್ತದೆ: ಈ ಹೆಸರಿನ ಸೈಟಿನ ಐಪಿ ಅಡ್ರೆಸ್, ಅಂದರೆ ಇಂಟರ್ನೆಟ್‌ನಲ್ಲಿ ಅದರ ವಿಳಾಸದ ಸಂಖ್ಯೆ, ಯಾವುದು? ಡಿಎನ್ಎಸ್ 1980ರ ದಶಕದ ವ್ಯವಸ್ಥೆ. ಆಗ ಗುಟ್ಟಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ಹಾಗಾಗಿ ಹಳೆಯ ರೀತಿಯ ಡಿಎನ್ಎಸ್ ಪ್ರಶ್ನೆ ದಾರಿಯುದ್ದಕ್ಕೂ ಬಿಚ್ಚಿಟ್ಟ ಅಕ್ಷರದಲ್ಲೇ ಹೋಗುತ್ತದೆ. ರೂಟರ್ ಇಟ್ಟವರು ಓದಬಹುದು. ಇಂಟರ್ನೆಟ್ ಕಂಪನಿ ಓದಬಹುದು.

ಉತ್ತರ ಸಿಕ್ಕ ಮೇಲೆ ಫೋನ್ ಆ ಸೈಟಿನ ಜೊತೆ ಎಚ್‌ಟಿಟಿಪಿಎಸ್ ಸಂಪರ್ಕ ಶುರು ಮಾಡುತ್ತದೆ. ಇಲ್ಲಿಂದ ಮುಂದೆ ನೀವು ಓದುವ ಪೇಜು, ತುಂಬಿದ ಫಾರ್ಮು, ಪಾಸ್‌ವರ್ಡ್ ಎಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಮಧ್ಯದವರಿಗೆ ಓದಲು ಬಾರದ ಹಾಗೆ ಇರುತ್ತದೆ. ಆದರೆ ಆ ಮೊದಲ ಕೈಕುಲುಕುವಿಕೆಯಲ್ಲೇ ಸೈಟಿನ ಹೆಸರು ಇನ್ನೊಂದು ಸಲ ಬಹಿರಂಗವಾಗಿ ಹೋಗುತ್ತದೆ. ಇದನ್ನು ಎಸ್‌ಎನ್‌ಐ ಅನ್ನುತ್ತಾರೆ. ಕೊನೆಗೆ ಮಧ್ಯದಲ್ಲಿ ಕೂತವರಿಗೆ ಸಿಗೋದು: ಇಂಥ ಫೋನು, ಇಷ್ಟು ಗಂಟೆಗೆ, ಇಂಥ ಸೈಟಿಗೆ ಹೋಗಿ, ಇಷ್ಟು ಡೇಟಾ ತರಿಸಿಕೊಂಡಿತು. ಯಾವ ಪೇಜು ಅನ್ನೋದು ಗೊತ್ತಾಗುವುದಿಲ್ಲ. ಸುದ್ದಿ ಸೈಟಾದರೆ ಸರಿ. ಒಂದೇ ಕಾಯಿಲೆಗೆಂದು ಇರುವ ಸೈಟಾದರೆ? ಹೆಸರೇ ಎಲ್ಲ ಹೇಳಿಬಿಡುತ್ತದೆ, ಅಲ್ವಾ.

ಇನ್ನು ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಪರಿಸ್ಥಿತಿ ಎಷ್ಟು ಕೆಡುತ್ತದೆ ಅನ್ನೋದಕ್ಕೆ ಒಂದು ನಿಜವಾದ ಉದಾಹರಣೆ ಇದೆ. ಅಮೆರಿಕದ ವೆರೈಝನ್ ಕಂಪನಿ ತನ್ನ ಮೊಬೈಲ್ ಗ್ರಾಹಕರ ಎನ್‌ಕ್ರಿಪ್ಟ್ ಆಗದ ವೆಬ್ ಕೋರಿಕೆಗಳ ಒಳಗೆ ತಾನೇ ಒಂದು ಗುರುತಿನ ಸಂಕೇತ ತುರುಕಿ ಕಳಿಸುತ್ತಿತ್ತು. ಕುಕೀ ಅಳಿಸಿದರೂ ಪ್ರಯೋಜನ ಇರಲಿಲ್ಲ, ಯಾಕಂದರೆ ಅದು ಫೋನಿನಲ್ಲಿ ಇರಲೇ ಇಲ್ಲ, ದಾರಿಯಲ್ಲಿ ಸೇರಿಕೊಳ್ಳುತ್ತಿತ್ತು. 2016ರಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 13.5 ಲಕ್ಷ ಡಾಲರ್ ದಂಡ ಹಾಕಿತು. ಎಚ್‌ಟಿಟಿಪಿಎಸ್ ಸಂಪರ್ಕದ ಒಳಗೆ ಹೀಗೆ ಕೈ ಹಾಕಲು ಆಗುವುದಿಲ್ಲ. ಹಾಗಾಗಿ ಬ್ರೌಸರ್‌ನಲ್ಲಿ ಮೊದಲ ಕೆಲಸ ಅದೇ: ಫೈರ್‌ಫಾಕ್ಸ್‌ನಲ್ಲಿ "ಎಚ್‌ಟಿಟಿಪಿಎಸ್-ಓನ್ಲಿ ಮೋಡ್", ಕ್ರೋಮ್‌ನಲ್ಲಿ "ಆಲ್ವೇಸ್ ಯೂಸ್ ಸೆಕ್ಯೂರ್ ಕನೆಕ್ಷನ್ಸ್" ಆನ್ ಮಾಡಿ. ಹಳೆಯ ಸೈಟೇನಾದರೂ ಬಂದರೆ ಬ್ರೌಸರ್ ನಿಲ್ಲಿಸಿ ಕೇಳುತ್ತದೆ.

ಡಿಎನ್ಎಸ್: ಕಡಿಮೆ ಕಷ್ಟ, ಜಾಸ್ತಿ ಲಾಭ

ಒಂದೇ ಒಂದು ಬದಲಾವಣೆ ಮಾಡುವಷ್ಟು ಮಾತ್ರ ತಾಳ್ಮೆ ಇದೆ ಅನ್ನುವವರಿಗೆ ನಾನು ಹೇಳೋದು ಇದನ್ನೇ. ಡಿಎನ್ಎಸ್ ಪ್ರಶ್ನೆಯನ್ನು ಎನ್‌ಕ್ರಿಪ್ಟ್ ಮಾಡುವ ಎರಡು ವಿಧಾನಗಳಿವೆ. 2016ರಲ್ಲಿ ಬಂದ ಡಾಟ್, ಅಂದರೆ ಡಿಎನ್ಎಸ್ ಓವರ್ ಟಿಎಲ್ಎಸ್, 853ನೇ ಪೋರ್ಟ್ (ಸಂಪರ್ಕದ ಬಾಗಿಲಿನ ನಂಬರು ಅಂದುಕೊಳ್ಳಿ) ಬಳಸುತ್ತದೆ. 2018ರಲ್ಲಿ ಬಂದ ಡೋ, ಅಂದರೆ ಡಿಎನ್ಎಸ್ ಓವರ್ ಎಚ್‌ಟಿಟಿಪಿಎಸ್, ಮಾಮೂಲಿ ವೆಬ್ ಹೋಗುವ 443ನೇ ಪೋರ್ಟಿನಲ್ಲೇ ಬೆರೆತು ಹೋಗುತ್ತದೆ. ಎರಡರಲ್ಲಿ ಯಾವುದಾದರೂ ಸರಿ.

ಆಂಡ್ರಾಯ್ಡ್ 9 ಅಥವಾ ಆಮೇಲಿನದು ಇದ್ದರೆ ಸೆಟ್ಟಿಂಗ್ಸ್ ತೆರೆದು "ಪ್ರೈವೇಟ್ ಡಿಎನ್ಎಸ್" ಅಂತ ಹುಡುಕಿ. ಮೆನು ಎಲ್ಲಿದೆ ಅಂತ ಹೇಳುತ್ತಾ ಕೂರುವುದು ದಂಡ, ಒಂದೊಂದು ಕಂಪನಿ ಒಂದೊಂದು ಕಡೆ ಇಟ್ಟಿರುತ್ತದೆ. ಮೂರು ಆಯ್ಕೆ ಕಾಣುತ್ತವೆ: ಆಫ್, ಆಟೋಮ್ಯಾಟಿಕ್, ಮತ್ತು ಹೋಸ್ಟ್‌ನೇಮ್ ಬರೆಯುವ ಜಾಗ. ಆಟೋಮ್ಯಾಟಿಕ್ ಕೇಳಲು ಚೆನ್ನಾಗಿದೆ, ಆದರೆ ಅದು ಈಗಿರುವ ಡಿಎನ್ಎಸ್ ಸರ್ವರ್‌ಗೆ ಎನ್‌ಕ್ರಿಪ್ಶನ್ ಬಂದರೆ ಬಳಸುತ್ತದೆ, ಬರದಿದ್ದರೆ ಸುಮ್ನೆ ಹಳೆಯ ದಾರಿಗೆ ಇಳಿದುಬಿಡುತ್ತದೆ, ನಿಮಗೆ ಒಂದು ಮಾತೂ ಹೇಳುವುದಿಲ್ಲ. ಹಾಗಾಗಿ ಮೂರನೆಯದನ್ನು ಆರಿಸಿ. ಅಲ್ಲಿ ಸಂಖ್ಯೆ ಬರೆದರೆ ತೆಗೆದುಕೊಳ್ಳುವುದಿಲ್ಲ, ಹೆಸರೇ ಬೇಕು. ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್ಎಸ್ ಸರ್ವರ್ 1.1.1.1 ಬೇಕಿದ್ದರೆ "ಒನ್ ಡಾಟ್ ಒನ್ ಡಾಟ್ ಒನ್ ಡಾಟ್ ಒನ್" ಅನ್ನುವುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಡಾಟ್ ಇರುವಲ್ಲಿ ಚುಕ್ಕೆ ಇಟ್ಟು ಬರೆಯಿರಿ. ಕ್ವಾಡ್9 ಬೇಕಿದ್ದರೆ "ಡಿಎನ್ಎಸ್ ಡಾಟ್ ಕ್ವಾಡ್9 ಡಾಟ್ ನೆಟ್". ಕ್ವಾಡ್9 ಸ್ವಿಟ್ಜರ್ಲೆಂಡ್‌ನಲ್ಲಿರುವ ಲಾಭರಹಿತ ಸಂಸ್ಥೆ, ಅಪಾಯಕಾರಿ ಅಂತ ಗೊತ್ತಿರುವ ಸೈಟುಗಳನ್ನು ಅದೇ ತಡೆಯುತ್ತದೆ. ನನ್ನ ಒಲವು ಅದರ ಕಡೆ.

ಐಫೋನ್‌ನಲ್ಲಿ ಇಂಥ ಜಾಗ ಇಲ್ಲ. ಐಒಎಸ್ 14ರಿಂದ ಈಚೆಗೆ, ಡಿಎನ್ಎಸ್ ಕೊಡುವವರ ಆ್ಯಪ್ ಅಥವಾ ಅವರ ಸೈಟಿನಿಂದ ಇಳಿಸಿಕೊಂಡ ಪ್ರೊಫೈಲ್ ಮೂಲಕ ಇದೇ ಕೆಲಸ ಆಗುತ್ತದೆ. ಕಂಪ್ಯೂಟರ್‌ನಲ್ಲಿ ಬ್ರೌಸರ್‌ನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ "ಸೆಕ್ಯೂರ್ ಡಿಎನ್ಎಸ್" ಅಥವಾ "ಡಿಎನ್ಎಸ್ ಓವರ್ ಎಚ್‌ಟಿಟಿಪಿಎಸ್" ನೋಡಿ. ಅದು ಬ್ರೌಸರ್‌ಗೆ ಮಾತ್ರ ಅನ್ವಯ, ಉಳಿದ ಸಾಫ್ಟ್‌ವೇರ್‌ಗಳು ಹಳೆಯ ದಾರಿಯಲ್ಲೇ ಇರುತ್ತವೆ.

ಈಗ ಮೊದಲಿನ ಪ್ರಶ್ನೆ ಹಾಕಿ ನೋಡಿ. ಇಂಟರ್ನೆಟ್ ಕಂಪನಿಗೆ ಡಿಎನ್ಎಸ್ ಪ್ರಶ್ನೆ ಕಾಣುವುದು ನಿಂತಿತು. ಹೊಸದಾಗಿ ಕ್ವಾಡ್9ಗೋ ಕ್ಲೌಡ್‌ಫ್ಲೇರ್‌ಗೋ ಕಾಣಲು ಶುರುವಾಯಿತು. ಎಸ್‌ಎನ್‌ಐ ಇನ್ನೂ ಬಹಿರಂಗವಾಗೇ ಇದೆ. ಅದನ್ನೂ ಮುಚ್ಚಲು ಇಸಿಎಚ್ ಅನ್ನುವ ತಂತ್ರಜ್ಞಾನ ಬಂದಿದೆ, ಆದರೆ ಸೈಟು ಮತ್ತು ಬ್ರೌಸರ್ ಎರಡೂ ಒಪ್ಪಿದರೆ ಮಾತ್ರ ನಡೆಯುತ್ತದೆ, ಫೈರ್‌ಫಾಕ್ಸ್‌ನಲ್ಲಂತೂ ಮೊದಮೊದಲು ಡೋ ಆನ್ ಇರಲೇಬೇಕಿತ್ತು. ಅಂದರೆ ಡಿಎನ್ಎಸ್ ಸರಿ ಮಾಡಿಕೊಂಡವರಿಗೆ ಮುಂದಿನ ಬಾಗಿಲು ತೆರೆಯುವುದು ಸುಲಭ.

ರೂಟರ್ ಮತ್ತು ವೈ-ಫೈ

ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ವೈ-ಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ಫರ್ಮ್‌ವೇರ್ (ರೂಟರಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಹೊರಗಿನಿಂದ ರೂಟರ್ ನಿಯಂತ್ರಿಸಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಇಷ್ಟು ಎಲ್ಲರೂ ಹೇಳುತ್ತಾರೆ. ಕಡಿಮೆ ಜನ ಹೇಳೋದು ಡಬ್ಲ್ಯುಪಿಎಸ್ ಬಗ್ಗೆ.

ಬಟನ್ ಒತ್ತಿ ಅಥವಾ 8 ಅಂಕಿಯ ಪಿನ್ ಹಾಕಿ ಸುಲಭವಾಗಿ ಸೇರಿಕೊಳ್ಳುವ ವ್ಯವಸ್ಥೆ ಅದು. 8 ಅಂಕಿ ಅಂದರೆ ಹತ್ತು ಕೋಟಿ ಸಾಧ್ಯತೆ, ಸಾಕಲ್ಲ ಅನಿಸುತ್ತದೆ. ಆದರೆ ಕೊನೆಯ ಅಂಕಿ ಬರೀ ತಾಳೆ ನೋಡಲು ಇರುವ ಲೆಕ್ಕದ ಅಂಕಿ. ಮೇಲಿಂದ ರೂಟರ್ ಪಿನ್ನನ್ನು ಎರಡು ತುಂಡು ಮಾಡಿ ನೋಡುತ್ತದೆ, ಮೊದಲ 4 ಅಂಕಿ ಸರಿಯೋ ತಪ್ಪೋ ಅಂತ ಮೊದಲೇ ಹೇಳಿಬಿಡುತ್ತದೆ. ಹಾಗಾಗಿ ಮೊದಲ ತುಂಡಿಗೆ ಹೆಚ್ಚೆಂದರೆ 10,000 ಪ್ರಯತ್ನ, ಎರಡನೆಯದಕ್ಕೆ 1,000. ಹತ್ತು ಕೋಟಿ ಹೋಗಿ 11,000 ಆಯಿತು. 2011ರಲ್ಲೇ ಇದು ಬಯಲಾಗಿದೆ. ನಿಮ್ಮ ವೈ-ಫೈ ಪಾಸ್‌ವರ್ಡ್ ಎಷ್ಟೇ ಉದ್ದ ಇರಲಿ, ಪಕ್ಕದಲ್ಲಿ ಈ ಬಾಗಿಲು ತೆರೆದಿದ್ದರೆ ಏನು ಉಪಯೋಗ? ಆಫ್ ಮಾಡಿ.

ವೈ-ಫೈ ಡೇಟಾ ಎನ್‌ಕ್ರಿಪ್ಟ್ ಮಾಡುವ ವಿಧಾನ ಆರಿಸುವಲ್ಲಿ ಡಬ್ಲ್ಯುಪಿಎ3 ಆಯ್ಕೆ ಇದ್ದರೆ ಅದನ್ನು ಹಾಕಿ. ಡಬ್ಲ್ಯುಪಿಎ2ನಲ್ಲಿ ಪಾಸ್‌ವರ್ಡ್ ಗೊತ್ತಿರುವವರು, ಬೇರೆಯವರ ಸಾಧನ ವೈ-ಫೈಗೆ ಸೇರುವ ಕ್ಷಣವನ್ನು ಹಿಡಿದುಕೊಂಡರೆ, ಅವರ ಗಾಳಿಯಲ್ಲಿನ ಡೇಟಾ ಬಿಚ್ಚಬಹುದು. 3ರಲ್ಲಿ ಆಗುವುದಿಲ್ಲ. ಟಿವಿ, ಕ್ಯಾಮೆರಾ, ಸ್ಪೀಕರ್ ಇವನ್ನೆಲ್ಲ ಗೆಸ್ಟ್ ನೆಟ್‌ವರ್ಕ್‌ಗೆ ತಳ್ಳಿ, ನಿಮ್ಮ ಲ್ಯಾಪ್‌ಟಾಪ್ ಇರುವ ಕಡೆ ಅವಕ್ಕೆ ಕೆಲಸ ಇಲ್ಲ.

ವೈ-ಫೈ ಹೆಸರನ್ನು ಅಡಗಿಸುವುದು ಒಳ್ಳೆಯದು ಅಂತ ಒಂದು ನಂಬಿಕೆ ಇದೆ. ಉಲ್ಟಾ. ಹೆಸರು ಅಡಗಿಸಿದರೆ ಅದನ್ನು ಹುಡುಕಲು ಫೋನೇ ಆ ಹೆಸರನ್ನು ಕೂಗುತ್ತಾ ತಿರುಗಬೇಕಾಗುತ್ತದೆ, ನೀವು ಹೋದಲ್ಲೆಲ್ಲ. ಅಡಗಿಸಬೇಡಿ.

ಫೋನಿನ ವೈ-ಫೈ ಚಿಪ್‌ಗೆ ಮ್ಯಾಕ್ ಅಡ್ರೆಸ್ ಅಂತ 48 ಬಿಟ್‌ನ ಗುರುತಿನ ಸಂಖ್ಯೆ ಇರುತ್ತದೆ. ಅದು ಬದಲಾಗದಿದ್ದರೆ ಬೇರೆ ಬೇರೆ ಜಾಗದ ವೈ-ಫೈಗಳ ದಾಖಲೆ ಸೇರಿಸಿ ನಿಮ್ಮ ಓಡಾಟ ಹೊಸೆಯಬಹುದು. ಆಂಡ್ರಾಯ್ಡ್ 10, ಐಒಎಸ್ 14ರಿಂದ ಪ್ರತಿ ನೆಟ್‌ವರ್ಕ್‌ಗೂ ಬೇರೆ ಬೇರೆ ಸುಳ್ಳು ಸಂಖ್ಯೆ ಕೊಡುವ ವ್ಯವಸ್ಥೆ ಇದೆ. ಆ ನೆಟ್‌ವರ್ಕಿನ ವಿವರದಲ್ಲಿ "ರ್‍ಯಾಂಡಮೈಸ್ಡ್ ಮ್ಯಾಕ್" ಅಥವಾ "ಪ್ರೈವೇಟ್ ವೈ-ಫೈ ಅಡ್ರೆಸ್" ಆನ್ ಇದೆಯೇ ಅಂತ ಒಮ್ಮೆ ನೋಡಿಕೊಳ್ಳಿ.

ಮೊಬೈಲ್ ಸಿಗ್ನಲ್ ಕಡೆಯಿಂದ

2ಜಿಯಲ್ಲಿ ಟವರ್ ನಿಮ್ಮ ಸಿಮ್ ಅಸಲಿಯೇ ಅಂತ ಪರೀಕ್ಷಿಸುತ್ತದೆ, ಆದರೆ ಟವರ್ ಅಸಲಿಯೇ ಅಂತ ಫೋನ್ ಪರೀಕ್ಷಿಸುವುದಿಲ್ಲ. ನಕಲಿ ಟವರ್ ಉಪಕರಣಗಳು ಫೋನನ್ನು 2ಜಿಗೆ ಇಳಿಸಿ ಆಟ ಆಡುವುದು ಇದೇ ಕಾರಣಕ್ಕೆ. ಆಂಡ್ರಾಯ್ಡ್ 12ರಿಂದ ಕೆಲವು ಫೋನುಗಳಲ್ಲಿ ಸಿಮ್ ಸೆಟ್ಟಿಂಗ್‌ನಲ್ಲಿ "ಅಲೌ 2ಜಿ" ಅನ್ನುವ ಗುಂಡಿ ಇದೆ, ಆಫ್ ಮಾಡಿ. ನೀವಿರುವಲ್ಲಿ 2ಜಿ ಬಿಟ್ಟು ಬೇರೆ ಸಿಗ್ನಲ್ ಇಲ್ಲದಿದ್ದರೆ ಮಾತ್ರ ಬೇಡ.

ಎಸ್ಎಂಎಸ್ ಅನ್ನು ನಂಬಬೇಡಿ. ಅದು ತುದಿಯಿಂದ ತುದಿಗೆ ಎನ್‌ಕ್ರಿಪ್ಟ್ ಆಗುವುದಿಲ್ಲ, ಟೆಲಿಕಾಂ ಕಂಪನಿಗಳು ತಮ್ಮ ನಡುವೆ ಬಳಸುವ ಹಳೆಯ ಎಸ್‌ಎಸ್7 ವ್ಯವಸ್ಥೆಯ ತೂತುಗಳನ್ನು ಸಂಶೋಧಕರು 2014ರಲ್ಲಿ ಜರ್ಮನಿಯ ಸಮಾವೇಶವೊಂದರಲ್ಲಿ ಎಲ್ಲರೆದುರು ತೋರಿಸಿದ್ದಾರೆ. ಇಮೇಲ್‌ನಂಥ ಮುಖ್ಯ ಖಾತೆಗಳಿಗೆ ಎಸ್ಎಂಎಸ್ ಒಟಿಪಿ ಬದಲು ಆಥೆಂಟಿಕೇಟರ್ ಆ್ಯಪ್ ಇಟ್ಟುಕೊಳ್ಳಿ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವ ಅದರ ಸಂಖ್ಯೆ ಫೋನಿನ ಒಳಗೇ ಲೆಕ್ಕವಾಗುತ್ತದೆ, ನೆಟ್‌ವರ್ಕ್ ಮೇಲೆ ಬರುವುದೇ ಇಲ್ಲ. ಬರದಿರುವುದನ್ನು ದಾರಿಯಲ್ಲಿ ಕದಿಯುವುದು ಹೇಗೆ?

ಮೆಸೇಜ್, ಕಾಲ್

ವಾಟ್ಸ್‌ಆ್ಯಪ್ 2016ರಿಂದ, ಸಿಗ್ನಲ್ ಅನ್ನುವ ಇನ್ನೊಂದು ಮೆಸೇಜ್ ಆ್ಯಪ್‌ನ ಪ್ರೋಟೋಕಾಲ್ ಬಳಸಿ ಚಾಟ್‌ಗಳನ್ನು ತುದಿಯಿಂದ ತುದಿಗೆ, ಅಂದರೆ ಮಾತಾಡುವ ಇಬ್ಬರಿಗೆ ಮಾತ್ರ ಓದಲು ಬರುವಂತೆ, ಎನ್‌ಕ್ರಿಪ್ಟ್ ಮಾಡುತ್ತಿದೆ. ಟೆಲಿಗ್ರಾಂನ ಮಾಮೂಲಿ ಚಾಟ್ ಹಾಗಲ್ಲ, "ಸೀಕ್ರೆಟ್ ಚಾಟ್" ಅಂತ ಬೇರೆಯಾಗಿ ಶುರು ಮಾಡಿದರೆ ಮಾತ್ರ. ಇದು ಗೊತ್ತಿಲ್ಲದೆ ಟೆಲಿಗ್ರಾಂ ಜಾಸ್ತಿ ಸೇಫ್ ಅಂತ ವಾದ ಮಾಡುವವರು ಈಗಲೂ ಸಿಗುತ್ತಾರೆ.

ಆದರೆ ಎನ್‌ಕ್ರಿಪ್ಶನ್ ಮುಚ್ಚೋದು ಮಾತನ್ನು. ಯಾರು ಯಾರ ಜೊತೆ, ಯಾವಾಗ, ಎಷ್ಟು ಸಲ ಅನ್ನೋದು ಬೇರೆ. ರಾತ್ರಿ ಎರಡು ಗಂಟೆಗೆ ವಕೀಲರಿಗೆ ಮೂರು ಕಾಲ್ ಹೋಗಿದ್ದರೆ ಏನು ಮಾತಾಡಿದಿರಿ ಅಂತ ಯಾರೂ ಕೇಳಬೇಕಿಲ್ಲ. ಈ ವಿಷಯದಲ್ಲಿ ಸಿಗ್ನಲ್ ಮುಂದಿದೆ. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದು (ಅಪರಾಧದ ವಿಚಾರಣೆ ಬೇಕೇ ಅಂತ ನೋಡುವ ನಾಗರಿಕರ ಮಂಡಳಿ) ಎರಡು ಫೋನ್ ನಂಬರುಗಳ ಮಾಹಿತಿ ಕೊಡಿ ಅಂತ ಆದೇಶ ಕಳಿಸಿದಾಗ, ಸಿಗ್ನಲ್ ಹತ್ತಿರ ಕೊಡಲು ಇದ್ದದ್ದು ಒಂದು ನಂಬರಿನ ಖಾತೆ ತೆರೆದ ದಿನಾಂಕ ಮತ್ತು ಕೊನೆಯ ಸಲ ಸಂಪರ್ಕಕ್ಕೆ ಬಂದ ದಿನಾಂಕ, ಅಷ್ಟೇ.

ಎರಡು ಸೆಟ್ಟಿಂಗ್ ತುಂಬಾ ಜನ ನೋಡಿಯೇ ಇರುವುದಿಲ್ಲ. ಮೊದಲನೆಯದು ಬ್ಯಾಕಪ್. ಚಾಟ್ ಎನ್‌ಕ್ರಿಪ್ಟ್ ಆಗಿದ್ದು ಕ್ಲೌಡ್ ಬ್ಯಾಕಪ್ ಎನ್‌ಕ್ರಿಪ್ಟ್ ಆಗದಿದ್ದರೆ ಮುಂದಿನ ಬಾಗಿಲಿಗೆ ಬೀಗ, ಹಿಂದಿನದು ಬಟಾಬಯಲು. ವಾಟ್ಸ್‌ಆ್ಯಪ್‌ನಲ್ಲಿ ಚಾಟ್ ಬ್ಯಾಕಪ್ ಒಳಗೆ "ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್" ಆನ್ ಮಾಡಿ. ಅದರ ಪಾಸ್‌ವರ್ಡ್ ಅಥವಾ 64 ಅಂಕಿಯ ಕೀ ಕಳೆದುಕೊಂಡರೆ ಕಂಪನಿಯೂ ಬಿಡಿಸಿಕೊಡಲು ಆಗುವುದಿಲ್ಲ, ಹಾಗಾಗಿ ಬರೆದಿಡಿ.

ಎರಡನೆಯದು ಕಾಲ್. ಇಬ್ಬರ ನಡುವಿನ ಇಂಟರ್ನೆಟ್ ಕಾಲ್ ಸಾಧ್ಯವಾದಾಗಲೆಲ್ಲ ನೇರವಾಗಿ ಫೋನಿನಿಂದ ಫೋನಿಗೆ ಹೋಗುತ್ತದೆ. ಆಗ ಆ ಕಡೆಯವರಿಗೆ ನಿಮ್ಮ ಐಪಿ ಅಡ್ರೆಸ್ ಸಿಗುತ್ತದೆ, ಅದರಿಂದ ನೀವು ಸುಮಾರಾಗಿ ಎಲ್ಲಿದ್ದೀರಿ, ಯಾವ ಕಂಪನಿಯ ಇಂಟರ್ನೆಟ್ ಅನ್ನೋದು ಗೊತ್ತಾಗುತ್ತದೆ. ಅಪರಿಚಿತರ ಜೊತೆ ಮಾತಾಡುವವರು ವಾಟ್ಸ್‌ಆ್ಯಪ್‌ನಲ್ಲಿ ಪ್ರೈವೆಸಿ, ಅಡ್ವಾನ್ಸ್ಡ್ ಒಳಗೆ "ಪ್ರೊಟೆಕ್ಟ್ ಐಪಿ ಅಡ್ರೆಸ್ ಇನ್ ಕಾಲ್ಸ್", ಸಿಗ್ನಲ್‌ನಲ್ಲಿ "ಆಲ್ವೇಸ್ ರಿಲೇ ಕಾಲ್ಸ್" ಆನ್ ಮಾಡಿಕೊಳ್ಳಿ. ಕಾಲ್ ಕಂಪನಿಯ ಸರ್ವರ್ ಸುತ್ತಿ ಹೋಗುತ್ತದೆ. ಧ್ವನಿ ಸ್ವಲ್ಪ ತಡವಾಗಬಹುದು, ಮಾತು ಎನ್‌ಕ್ರಿಪ್ಟ್ ಆಗೇ ಇರುತ್ತದೆ.

ವಿಪಿಎನ್: ಬೇಕಾ?

ಜಾಹೀರಾತು ನೋಡಿದರೆ ವಿಪಿಎನ್ ಇಲ್ಲದೆ ಉಸಿರಾಡಲೂಬಾರದು ಅನ್ನೋ ಹಾಗಿರುತ್ತದೆ. ಅದು ನಿಜವಾಗಿ ಮಾಡೋದು ನಿಮ್ಮ ಫೋನಿನಿಂದ ವಿಪಿಎನ್ ಕಂಪನಿಯ ಸರ್ವರ್‌ವರೆಗೆ ಒಂದು ಎನ್‌ಕ್ರಿಪ್ಟ್ ಆದ ಸುರಂಗ ತೋಡುವುದು. ಇಂಟರ್ನೆಟ್ ಕಂಪನಿಗೆ ಕಾಣುತ್ತಿದ್ದದ್ದೆಲ್ಲ ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ. ಸೈಟಿಗೆ ನಿಮ್ಮ ಐಪಿ ಬದಲು ಅವರ ಐಪಿ ಕಾಣುತ್ತದೆ. ಅಷ್ಟೇ. ನಿಮ್ಮ ಹೆಸರಿನ ಖಾತೆಗೆ ಲಾಗಿನ್ ಆಗಿದ್ದರೆ ಆ ಖಾತೆಯವರಿಗೆ ನೀವು ನೀವೇ.

ಹಾಗಾದರೆ ವಿಪಿಎನ್ ಕಂಪನಿಯನ್ನು ಯಾಕೆ ನಂಬಬೇಕು? ಇದು ಸುಮ್ನೆ ಎತ್ತಿದ ಪ್ರಶ್ನೆ ಅಲ್ಲ. ಫೇಸ್‌ಬುಕ್ 2013ರಲ್ಲಿ ಒನಾವೊ ಅನ್ನುವ ಕಂಪನಿ ಕೊಂಡಿತು. ಅದರ ಉಚಿತ ವಿಪಿಎನ್ ಆ್ಯಪ್ ರಕ್ಷಣೆ ಕೊಡುತ್ತೇನೆ ಅಂತ ಹೇಳಿಕೊಂಡು, ಜನ ಯಾವ ಆ್ಯಪ್ ಎಷ್ಟು ಹೊತ್ತು ಬಳಸುತ್ತಾರೆ ಅನ್ನುವ ಮಾಹಿತಿ ಫೇಸ್‌ಬುಕ್‌ಗೆ ಕಳಿಸುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. 2018ರಲ್ಲಿ ಆ್ಯಪಲ್ ತಕರಾರು ತೆಗೆದ ಮೇಲೆ ಅದು ಆ್ಯಪ್ ಸ್ಟೋರ್‌ನಿಂದ ಹೋಯಿತು, ಮರುವರ್ಷ ಪೂರ್ತಿ ಮುಚ್ಚಿತು.

ನಾನು ಹೇಳೋದು ಹೀಗೆ: ಹೆಸರೇ ಕೇಳದ ಉಚಿತ ವಿಪಿಎನ್ ಹಾಕುವ ಬದಲು ಏನೂ ಹಾಕದಿರುವುದು ಮೇಲು. ನಿಮ್ಮ ಚಿಂತೆ ಹೊರಗಡೆಯ ವೈ-ಫೈ ಮಾತ್ರ ಆಗಿದ್ದರೆ, ಮನೆಯ ರೂಟರಿನಲ್ಲೇ ವೈರ್‌ಗಾರ್ಡ್ (ಒಂದು ಬಗೆಯ ವಿಪಿಎನ್) ಸರ್ವರ್ ಇದೆಯೇ ನೋಡಿ. ಈಚಿನ ಹಲವು ರೂಟರ್‌ಗಳಲ್ಲಿ ಇದೆ. ರೂಟರ್ ತೋರಿಸುವ ಕ್ಯೂಆರ್ ಕೋಡನ್ನು ಫೋನಿನ ವೈರ್‌ಗಾರ್ಡ್ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ, ಎಲ್ಲೇ ಕೂತರೂ ನಿಮ್ಮ ಡೇಟಾ ಮೊದಲು ಮನೆಗೆ ಹೋಗಿ ಅಲ್ಲಿಂದ ಹೊರಗೆ ಹೋಗುತ್ತದೆ. ಬೇರೆ ಕಂಪನಿಯ ಹಂಗೇ ಇಲ್ಲ. ಮನೆಯ ಇಂಟರ್ನೆಟ್ ಕಂಪನಿಯಿಂದಲೇ ಮರೆ ಬೇಕು ಅಂದರೆ ಮಾತ್ರ ದುಡ್ಡು ಕೊಟ್ಟು ವಿಪಿಎನ್ ತೆಗೆದುಕೊಳ್ಳಿ, ಅದೂ ಹೊರಗಿನವರಿಂದ ಆಡಿಟ್ ಮಾಡಿಸಿ ವರದಿ ಪ್ರಕಟಿಸಿರುವವರದ್ದು.

ಯಾವುದೇ ಆಗಲಿ, ಆಂಡ್ರಾಯ್ಡ್‌ನ ವಿಪಿಎನ್ ಸೆಟ್ಟಿಂಗ್‌ನಲ್ಲಿ "ಆಲ್ವೇಸ್-ಆನ್" ಮತ್ತು "ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್" ಎರಡನ್ನೂ ಆನ್ ಮಾಡಿ. ಇಲ್ಲದಿದ್ದರೆ ಸುರಂಗ ಒಂದು ಕ್ಷಣ ಕಡಿದು ಬಿದ್ದಾಗ ಫೋನ್ ನಿಮ್ಮನ್ನು ಕೇಳದೆ ಬಯಲಲ್ಲೇ ಹೋಗುತ್ತದೆ. ಆಮೇಲೆ ಐಪಿ ತೋರಿಸುವ ಯಾವುದಾದರೂ ಸೈಟು ತೆರೆದು ನೋಡಿ. ಐಪಿ ಅಡ್ರೆಸ್‌ನಲ್ಲಿ ಎರಡು ಬಗೆ, ಐಪಿವಿ4 ಮತ್ತು ಐಪಿವಿ6; ಮೊದಲನೆಯದು ಮಾತ್ರ ಬದಲಾಗಿ ಎರಡನೆಯದು ಹಳೆಯದೇ ತೋರಿಸುತ್ತಿದ್ದರೆ ಸೋರುತ್ತಿದೆ ಅಂತಲೇ ಅರ್ಥ.

ಟಾರ್

ವಿಪಿಎನ್‌ನಲ್ಲಿ ಒಬ್ಬರಿಗೆ ಎಲ್ಲ ಗೊತ್ತಿರುತ್ತದೆ. ಟಾರ್‌ನಲ್ಲಿ ನಿಮ್ಮ ಡೇಟಾ ಮೂರು ಕಂಪ್ಯೂಟರ್ ದಾಟುತ್ತದೆ. ಮೊದಲನೆಯದಕ್ಕೆ ನೀವು ಯಾರು ಅಂತ ಗೊತ್ತು, ಎಲ್ಲಿಗೆ ಅಂತ ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ. ಟಾರ್ ಬ್ರೌಸರ್ ಅನ್ನು ಅವರ ಅಧಿಕೃತ ಸೈಟಿನಿಂದಲೇ ಇಳಿಸಿಕೊಳ್ಳಿ, ಎಕ್ಸ್‌ಟೆನ್ಶನ್ ಹಾಕಬೇಡಿ, ನಿಮ್ಮ ಹೆಸರಿನ ಖಾತೆಗೆ ಲಾಗಿನ್ ಆಗಬೇಡಿ. ನಿಧಾನ ಇರುತ್ತದೆ, ಸಹಿಸಿಕೊಳ್ಳಬೇಕು.

ಟಾರ್ ಬಳಸುತ್ತಿದ್ದೀರಿ ಅನ್ನುವುದು ಮಾತ್ರ ಸ್ಥಳೀಯ ನೆಟ್‌ವರ್ಕಿಗೆ ಕಾಣಬಹುದು. 2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸುಳ್ಳು ಬಾಂಬ್ ಬೆದರಿಕೆ ಕಳಿಸಿದ ವಿದ್ಯಾರ್ಥಿ ಟಾರ್ ಬಳಸಿದ್ದ, ಆದರೆ ಕಳಿಸಿದ್ದು ಕ್ಯಾಂಪಸ್ಸಿನ ವೈ-ಫೈನಿಂದ. ಇಮೇಲ್ ಬಂದ ಹೊತ್ತಿನ ಸುಮಾರಿಗೆ ಅಲ್ಲಿ ಟಾರ್ ಬಳಸಿದವರು ಯಾರು ಅಂತ ನೋಡುತ್ತಾ ಹೋದವರಿಗೆ ಅವನು ಸಿಕ್ಕಿದ. ಅವನಿಗೆ ಆಗಬೇಕಾದ್ದೇ ಆಯಿತು. ಆದರೆ ನ್ಯಾಯವಾದ ಕಾರಣಕ್ಕೆ ಟಾರ್ ಬಳಸುವವರಿಗೂ ಲೆಕ್ಕ ಅದೇ. ಬಳಕೆಯೇ ಎದ್ದು ಕಾಣುವ ಕಡೆ ಇದ್ದರೆ ಟಾರ್ ಬ್ರೌಸರಿನ ಕನೆಕ್ಷನ್ ಸೆಟ್ಟಿಂಗ್‌ನಲ್ಲಿ, ಆ ಬಳಕೆಯನ್ನೇ ಮರೆಮಾಡಲು ನೆರವಾಗುವ "ಬ್ರಿಡ್ಜ್" ಆರಿಸಿ.

ಇಷ್ಟೆಲ್ಲ ಮಾಡಿದ ಮೇಲೆ ಏನು ಕೆಡುತ್ತದೆ

ಕೆಡುತ್ತದೆ, ಖಂಡಿತ. ಮೊದಲು ಕೈಕೊಡೋದು ಲಾಗಿನ್ ಪೇಜ್ ಇರುವ ಸಾರ್ವಜನಿಕ ವೈ-ಫೈ. ಅದು ನಿಮ್ಮ ಡಿಎನ್ಎಸ್ ಪ್ರಶ್ನೆಯನ್ನು ಹಿಡಿದು ತನ್ನ ಪೇಜಿಗೆ ತಿರುಗಿಸುವ ತಂತ್ರದ ಮೇಲೆ ನಡೆಯುತ್ತದೆ, ನೀವೀಗ ಆ ಪ್ರಶ್ನೆಯನ್ನೇ ಮುಚ್ಚಿದ್ದೀರಿ. ಹಾಗಾಗಿ ಸಿಗ್ನಲ್ ಪೂರ್ತಿ ಇದ್ದರೂ ಏನೂ ತೆರೆಯದೇ ಇರಬಹುದು. ಪ್ರೈವೇಟ್ ಡಿಎನ್ಎಸ್ ಅನ್ನು ಆಟೋಮ್ಯಾಟಿಕ್‌ಗೆ ಹಾಕಿ, ವಿಪಿಎನ್ ಇಲ್ಲದೆ ಹೋಗಬೇಡ ಅನ್ನುವ ಗುಂಡಿಯನ್ನು ಆಫ್ ಮಾಡಿ, ಲಾಗಿನ್ ಆಗಿ, ಮತ್ತೆ ಎರಡನ್ನೂ ಮೊದಲಿನಂತೆ ಮಾಡಿ. ಆಫೀಸ್ ನೆಟ್‌ವರ್ಕ್‌ನಲ್ಲಿ ಒಳಗಿನ ಸೈಟುಗಳು ಮಾತ್ರ ತೆರೆಯದಿದ್ದರೆ ಅದಕ್ಕೂ ಇದೇ ಕಾರಣ, ಅಲ್ಲಿ ಅವರ ಡಿಎನ್ಎಸ್ ಬಳಸದೆ ವಿಧಿಯಿಲ್ಲ. ಮನೆಯ ರೂಟರಿನಲ್ಲಿ ಮ್ಯಾಕ್ ಅಡ್ರೆಸ್ ನೋಡಿ ಒಳಗೆ ಬಿಡುವ ಪಟ್ಟಿ ಮಾಡಿದ್ದರೆ ಸುಳ್ಳು ಸಂಖ್ಯೆಯ ಫೋನು ಹೊರಗೇ ಉಳಿಯುತ್ತದೆ, ಆ ಒಂದು ನೆಟ್‌ವರ್ಕಿಗೆ ಮಾತ್ರ ಅಸಲಿ ಸಂಖ್ಯೆ ಆರಿಸಿ. ವಿಪಿಎನ್ ಆನ್ ಇದ್ದಾಗ ಬ್ಯಾಂಕಿನ ಆ್ಯಪ್ ತಕರಾರು ಮಾಡಿದರೆ, ಆಂಡ್ರಾಯ್ಡ್‌ನಲ್ಲಾದರೆ ವಿಪಿಎನ್ ಆ್ಯಪ್‌ನ "ಸ್ಪ್ಲಿಟ್ ಟನೆಲಿಂಗ್" ಒಳಗೆ ಹೋಗಿ ಅದೊಂದನ್ನು ಸುರಂಗದಿಂದ ಹೊರಗಿಡಿ. ವಿಪಿಎನ್ ಇಲ್ಲದೆ ಹೋಗಬೇಡ ಅನ್ನುವ ಗುಂಡಿ ಆನ್ ಇದ್ದರೆ ಆ ಆ್ಯಪ್‌ಗೆ ನೆಟ್ಟೇ ಸಿಗುವುದಿಲ್ಲ, ಅಂಥ ಹೊತ್ತಿನಲ್ಲಿ ಅದನ್ನು ಆಫ್ ಮಾಡಬೇಕು. ಬ್ಯಾಂಕಿಗೆ ನೀವು ಯಾರು ಅಂತ ಹೇಗೂ ಗೊತ್ತು.